ತಾಲೀಮಿಗೊಂದು ತಾಣ

2017ರ ಜನವರಿ 31ರ ರಾತ್ರಿ. ‘ಗಿಟ್‌ಲ್ಯಾಬ್’ ಸಂಸ್ಥೆಯ ಎಂಜಿನಿಯರೊಬ್ಬರು ದಿನದ ಕೆಲಸ ಮುಗಿಸಿ ಏಳಬೇಕಾಗಿದ್ದ ಹೊತ್ತು. ಸಾಫ್ಟ್‌ವೇರ್ ಬರೆಯುವವರು ತಮ್ಮ ಪ್ರೋಗ್ರಾಮುಗಳನ್ನು ಜೋಪಾನವಾಗಿ ಇಟ್ಟುಕೊಂಡು, ದೂರದೂರದ ಹಲವರು ಕೂಡಿ ತಿದ್ದಲು ಅನುವು ಮಾಡಿಕೊಡುವ ಜಾಲತಾಣವನ್ನು ನಡೆಸುವ ಸಂಸ್ಥೆ ಅದು. ಅದರ ಡೇಟಾಬೇಸ್, ಅಂದರೆ ಮಾಹಿತಿಯ ಉಗ್ರಾಣ, ಎರಡು ಕಂಪ್ಯೂಟರುಗಳಲ್ಲಿತ್ತು. ಒಂದು ಮುಖ್ಯವಾದದ್ದು, ಇನ್ನೊಂದು ಅದರ ಬೆನ್ನ ಹಿಂದೆಯೇ ನಡೆಯುವ ಪಡಿಯಚ್ಚು. ಅಂದು ಎರಡನೆಯದು ಮೊದಲನೆಯದರ ವೇಗಕ್ಕೆ ಹೆಜ್ಜೆ ಹಾಕಲಾರದೆ ಹಿಂದೆ ಬಿದ್ದಿತ್ತು. ಅದರಲ್ಲಿರುವುದನ್ನು ಪೂರ್ತಿ ಅಳಿಸಿ ಹೊಸದಾಗಿ ತುಂಬುವುದೇ ಸರಿಯೆಂದು ತೀರ್ಮಾನಿಸಿ ಅವರು ಅಳಿಸುವ ಆಜ್ಞೆ ಕೊಟ್ಟರು.

ಒಂದೆರಡು ಸೆಕೆಂಡು ಕಳೆದಿರಬೇಕು. ಆಜ್ಞೆ ಹೋದದ್ದು ಎರಡನೆಯ ಕಂಪ್ಯೂಟರಿಗಲ್ಲ, ಮೊದಲನೆಯದಕ್ಕೆ ಎಂಬುದು ಆಗ ಅವರ ಕಣ್ಣಿಗೆ ಬಿತ್ತು. ಕೂಡಲೇ ತಡೆದರು. ಆದರೆ ಸುಮಾರು 300 ಗಿಗಾಬೈಟ್‌ಗಳಷ್ಟಿದ್ದ ಮಾಹಿತಿಯಲ್ಲಿ ಆ ವೇಳೆಗೆ ಉಳಿದದ್ದು ಸುಮಾರು 4.5 ಗಿಗಾಬೈಟ್ ಮಾತ್ರ.

ಇಂಥ ಹೊತ್ತಿಗೆಂದೇ ಕಾಪಿಟ್ಟ ಪ್ರತಿಗಳು ಇರುತ್ತವಲ್ಲ? ಅಲ್ಲಿಯೂ ಇರಬೇಕಾಗಿತ್ತು. ದಿನಕ್ಕೊಮ್ಮೆ ತಾನಾಗಿ ಪ್ರತಿ ತೆಗೆದು ದೂರದ ಉಗ್ರಾಣಕ್ಕೆ ಸೇರಿಸುವ ಏರ್ಪಾಡು ಇತ್ತು. ಹೋಗಿ ನೋಡಿದರೆ ಆ ಉಗ್ರಾಣ ಬರಿದು. ಪ್ರತಿ ತೆಗೆಯುವ ಪ್ರೋಗ್ರಾಮು ಒಂದು ಆವೃತ್ತಿಯದು, ಡೇಟಾಬೇಸ್ ಇನ್ನೊಂದು ಆವೃತ್ತಿಯದು. ಎರಡಕ್ಕೂ ಹೊಂದಿಕೆಯಾಗದೆ ಕೆಲಸ ಪ್ರತಿದಿನವೂ ವಿಫಲವಾಗುತ್ತಿತ್ತು. ವಿಫಲವಾದಾಗ ಎಚ್ಚರಿಸಬೇಕಾದ ಇ-ಮೇಲ್‌ಗಳೂ ತಲುಪಬೇಕಾದವರನ್ನು ತಲುಪುತ್ತಿರಲಿಲ್ಲ. ಪ್ರತಿ ಇಡುವ ಐದು ಬಗೆಯ ವ್ಯವಸ್ಥೆಗಳಲ್ಲಿ ಒಂದೂ ನೆಚ್ಚುವಂತಿರಲಿಲ್ಲ ಎಂಬುದು ಸಂಸ್ಥೆಗೆ ಅರಿವಾದದ್ದು ಆ ರಾತ್ರಿ.

ಕೊನೆಗೆ ಕೈಹಿಡಿದದ್ದು ಯಾರೂ ಕಾಪಿಗೆಂದು ಇಟ್ಟಿರದ ಒಂದು ಪ್ರತಿ. ಅದೇ ಎಂಜಿನಿಯರು ಸುಮಾರು ಆರು ಗಂಟೆಗಳ ಹಿಂದೆ ಬೇರೊಂದು ಪರೀಕ್ಷೆಗೆಂದು ಡೇಟಾಬೇಸಿನ ತಾಜಾ ನಕಲೊಂದನ್ನು ತೆಗೆದು ‘ಸ್ಟೇಜಿಂಗ್’ ಎಂಬ ಕಂಪ್ಯೂಟರಿನಲ್ಲಿ ಇಟ್ಟಿದ್ದರು. ಆ ನಕಲನ್ನೇ ಮರಳಿ ತಂದು ಜಾಲತಾಣವನ್ನು ಎಬ್ಬಿಸಲಾಯಿತು. ಸ್ಟೇಜಿಂಗ್ ಕಂಪ್ಯೂಟರಿನ ಡಿಸ್ಕುಗಳು ನಿಧಾನದವಾದ್ದರಿಂದ ನಕಲು ಮಾಡುವುದಕ್ಕೇ ಸುಮಾರು 18 ಗಂಟೆ ಹಿಡಿಯಿತು. ಜನರ ಪ್ರೋಗ್ರಾಮುಗಳು ಬೇರೆಡೆ ಇದ್ದುದರಿಂದ ಅವಕ್ಕೆ ಧಕ್ಕೆಯಾಗಲಿಲ್ಲ. ಆದರೆ ನಡುವಣ ಆರು ಗಂಟೆಗಳಲ್ಲಿ ಸೇರಿದ್ದ ಸುಮಾರು 5,000 ಯೋಜನೆಗಳ ವಿವರ, ಅಷ್ಟೇ ಸಂಖ್ಯೆಯ ಟಿಪ್ಪಣಿಗಳು, ಸುಮಾರು 700 ಹೊಸ ಬಳಕೆದಾರರ ಖಾತೆಗಳು ಹೋದವು. ಸಂಸ್ಥೆ ಏನನ್ನೂ ಮುಚ್ಚಿಡಲಿಲ್ಲ. ದುರಸ್ತಿಯ ಕೆಲಸವನ್ನು ಯೂಟ್ಯೂಬ್‌ನಲ್ಲಿ ನೇರವಾಗಿ ತೋರಿಸಿತು; ಆಮೇಲೆ ವಿವರವಾದ ವರದಿಯನ್ನೂ ಪ್ರಕಟಿಸಿತು.

ರಂಗಭೂಮಿಯಿಂದ ಬಂದ ಮಾತು

ಈ ‘ಸ್ಟೇಜಿಂಗ್’ ಎಂದರೇನು? ಕನ್ನಡಿಗರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ನಾಟಕ ಆಡುವ ಊರುಗಳಲ್ಲಿ ‘ತಾಲೀಮು’ ಎಂಬ ಮಾತು ಎಲ್ಲರಿಗೂ ಗೊತ್ತು. ಪ್ರದರ್ಶನಕ್ಕೆ ಮುಂಚೆ ಬಣ್ಣ, ಉಡುಪು, ದೀಪ, ಹಾರ್ಮೋನಿಯಂ ಎಲ್ಲವನ್ನೂ ಇಟ್ಟುಕೊಂಡು ಪೂರ್ತಿ ನಾಟಕವನ್ನು ಒಮ್ಮೆ ಆಡಿ ನೋಡುತ್ತಾರೆ. ಮಾತು ಮರೆತರೆ, ಪರದೆ ಸಿಕ್ಕಿಹಾಕಿಕೊಂಡರೆ ಅಲ್ಲೇ ತಿದ್ದಿಕೊಳ್ಳಬಹುದು. ನೋಡಿ ನಗುವ ಪ್ರೇಕ್ಷಕರು ಇರುವುದಿಲ್ಲ. ಜಾಲತಾಣಕ್ಕೂ ಇಂಥದೇ ಒಂದು ತಾಲೀಮಿನ ಜಾಗ ಬೇಕು. ಜನ ಬಂದು ಹೋಗುವ ಅಸಲು ತಾಣವನ್ನು ಹಾಗೆಯೇ ಬಿಟ್ಟು, ಅದರ ನಕಲೊಂದನ್ನು ಮರೆಯಲ್ಲಿ ನಿಲ್ಲಿಸಿ, ಮಾಡಬೇಕಾದ ಬದಲಾವಣೆಯನ್ನು ಮೊದಲು ಅಲ್ಲಿ ಮಾಡಿ ನೋಡುವುದು ಕ್ರಮ. ಈ ನಕಲೇ ಸ್ಟೇಜಿಂಗ್. ಇಲ್ಲಿ ಅದನ್ನು ತಾಲೀಮು ತಾಣವೆಂದು ಕರೆಯಬಹುದು.

ಅಸಲು ತಾಣದಲ್ಲೇ ತಿದ್ದಿದರೆ ಏನಾಗುತ್ತದೆ ಎಂದು ಕೇಳಬಹುದು. ಜಾಲತಾಣವೆಂಬುದು ಗೋಡೆಗೆ ಅಂಟಿಸಿದ ಭಿತ್ತಿಪತ್ರದಂತೆ ಒಂದೇ ಹಾಳೆಯಲ್ಲ. ಅದರಲ್ಲಿ ಮೂರು ಪದರಗಳಿವೆ. ಪುಟಗಳನ್ನು ಕಟ್ಟಿಕೊಡುವ ಪ್ರೋಗ್ರಾಮುಗಳು ಮೊದಲನೆಯದು. ಲೇಖನ, ಹೆಸರು, ಲೆಕ್ಕಗಳನ್ನು ಹಿಡಿದಿಡುವ ಡೇಟಾಬೇಸ್ ಎರಡನೆಯದು. ಇವೆರಡನ್ನೂ ನಡೆಸುವ ಸರ್ವರ್ ಎಂಬ ಕಂಪ್ಯೂಟರು ಮೂರನೆಯದು. ಈ ಮೂರೂ ಒಂದರ ಮೇಲೊಂದು ಒರಗಿ ನಿಂತಿರುತ್ತವೆ. ಒಂದರಲ್ಲಿ ಅಲ್ಪವಿರಾಮದಷ್ಟು ವ್ಯತ್ಯಾಸವಾದರೂ ಇಡೀ ತಾಣ ಬಿಳಿ ಹಾಳೆಯಾಗಿ ನಿಲ್ಲಬಹುದು. ಪರೀಕ್ಷೆಯ ಫಲಿತಾಂಶದ ದಿನವೋ, ಅರ್ಜಿ ಹಾಕುವ ಕೊನೆಯ ದಿನವೋ ಹೀಗಾದರೆ ಅದರ ಹಿಂದೆ ಕಾಯುತ್ತಿರುವವರ ಗತಿ ಏನು?

ಬಟ್ಟೆಗೆ ಬಣ್ಣ ಹಾಕುವವರು ಮೊದಲು ಒಂದು ತುಂಡನ್ನು ಅದ್ದಿ ನೋಡುತ್ತಾರೆ. ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಗೊತ್ತಿಲ್ಲದ ಲವಣವನ್ನು ಚಿಟಿಕೆಯಷ್ಟೇ ಪ್ರನಾಳಕ್ಕೆ ಹಾಕಿ ಕಾಯಿಸುತ್ತಾರೆ. ತಾಲೀಮು ತಾಣದ ಹಿಂದಿರುವುದೂ ಅದೇ ವಿವೇಕ.

ನಕಲು ಮಾಡುವ ಬಗೆ

ಜಗತ್ತಿನ ಜಾಲತಾಣಗಳಲ್ಲಿ ಐದರಲ್ಲಿ ಎರಡಕ್ಕಿಂತ ಹೆಚ್ಚು ‘ವರ್ಡ್‌ಪ್ರೆಸ್’ ಎಂಬ ಉಚಿತ ತಂತ್ರಾಂಶದ ಮೇಲೆ ನಿಂತಿವೆ. 2003ರಲ್ಲಿ ಹುಟ್ಟಿದ ಈ ತಂತ್ರಾಂಶವನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ.

ಮೊದಲ ಕೆಲಸ ನಕಲಿಗೊಂದು ಪ್ರತ್ಯೇಕ ವಿಳಾಸ. ಅಸಲು ವಿಳಾಸದ ಮುಂದೆ ‘ಸ್ಟೇಜಿಂಗ್’ ಎಂದೋ ‘ಟೆಸ್ಟ್’ ಎಂದೋ ಸೇರಿಸಿ ಚುಕ್ಕಿಯಿಟ್ಟರೆ ಉಪವಿಳಾಸವೊಂದು ಸಿದ್ಧ. ಇದಕ್ಕಾಗಿ ಹೊಸ ಹೆಸರನ್ನು ಕೊಳ್ಳಬೇಕಾಗಿಲ್ಲ. ಎರಡನೆಯದು, ಪ್ರೋಗ್ರಾಮುಗಳ ಕಡತಗಳನ್ನೂ ಚಿತ್ರಗಳನ್ನೂ ಬೇರೆ ಫೋಲ್ಡರಿಗೆ ನಕಲಿಸುವುದು. ಮೂರನೆಯದು, ಡೇಟಾಬೇಸಿನ ನಕಲು ತೆಗೆದು ಬೇರೆ ಹೆಸರಿನ, ಬೇರೆ ಪಾಸ್‌ವರ್ಡಿನ ಹೊಸ ಡೇಟಾಬೇಸಿಗೆ ತುಂಬುವುದು. ಬಳಿಕ ನಕಲು ತಾಣದ ಸಂರಚನೆಯ ಕಡತವನ್ನು ತೆರೆದು, ಹಳೆಯ ಡೇಟಾಬೇಸಿನ ಹೆಸರನ್ನು ತೆಗೆದು ಹೊಸದರ ಹೆಸರನ್ನು ಬರೆಯಬೇಕು. ಈ ಒಂದು ಹೆಜ್ಜೆ ತಪ್ಪಿದರೆ ತಾಲೀಮು ತಾಣ ಅಸಲು ಉಗ್ರಾಣಕ್ಕೇ ಕೈಹಾಕುತ್ತದೆ. ಪರೀಕ್ಷೆಗೆಂದು ಅಳಿಸಿದ ಲೇಖನ ನಿಜವಾಗಿಯೂ ಅಳಿದುಹೋಗುತ್ತದೆ.

ನಾಲ್ಕನೆಯ ಹೆಜ್ಜೆಯಲ್ಲಿ ಸ್ವಾರಸ್ಯವೊಂದಿದೆ. ವರ್ಡ್‌ಪ್ರೆಸ್ ತನ್ನ ವಿಳಾಸವನ್ನು ಡೇಟಾಬೇಸಿನೊಳಗೂ ಬರೆದಿಟ್ಟುಕೊಂಡಿರುತ್ತದೆ. ಅದನ್ನು ಬದಲಿಸದಿದ್ದರೆ ತಾಲೀಮು ತಾಣದ ಕೊಂಡಿ ಒತ್ತಿದವರು ತಮಗೆ ಗೊತ್ತಿಲ್ಲದೆಯೇ ಅಸಲು ತಾಣಕ್ಕೆ ಹೋಗಿಬಿಡುತ್ತಾರೆ. ಹಾಗಾದರೆ ಡೇಟಾಬೇಸಿನಲ್ಲಿ ಹಳೆಯ ವಿಳಾಸ ಕಂಡಲ್ಲೆಲ್ಲ ಹೊಸದನ್ನು ಬರೆದರಾಯಿತಲ್ಲ? ಅಷ್ಟು ಸುಲಭವಲ್ಲ. ಕೆಲವು ಮಾಹಿತಿಯನ್ನು ಅದು ಪೊಟ್ಟಣ ಕಟ್ಟಿದಂತೆ ಇಡುತ್ತದೆ. ಪೊಟ್ಟಣದ ಮೇಲೆ ‘ಮುಂದಿನ ಪದದ ಉದ್ದ 20’ ಎಂದು ಎಣಿಕೆಯನ್ನೂ ಬರೆದಿರುತ್ತದೆ. ಒಳಗಿನ ವಿಳಾಸವನ್ನು 28 ಅಕ್ಷರದ್ದಾಗಿ ಮಾಡಿ ಮೇಲಿನ 20ನ್ನು ಹಾಗೆಯೇ ಬಿಟ್ಟರೆ, ಓದುವ ಪ್ರೋಗ್ರಾಮಿಗೆ ಲೆಕ್ಕ ಕೂಡುವುದಿಲ್ಲ. ಇಡೀ ಪೊಟ್ಟಣವನ್ನೇ ಹಾಳೆಂದು ತಿಳಿದು ಬಿಟ್ಟುಬಿಡುತ್ತದೆ. ಆಗ ತಾಣದ ಅಂದಚಂದದ ಹೊಂದಾಣಿಕೆಗಳು ಮಾಯವಾಗುತ್ತವೆ. ಆದ್ದರಿಂದ ವಿಳಾಸದ ಜೊತೆಗೆ ಎಣಿಕೆಯನ್ನೂ ತಿದ್ದುವ ಸಾಧನಗಳನ್ನೇ ಇದಕ್ಕೆ ಬಳಸಬೇಕು. ‘ಡಬ್ಲ್ಯುಪಿ-ಸಿಎಲ್‌ಐ’ ಎಂಬ ಉಚಿತ ಸಾಧನದಲ್ಲಿ ಇದಕ್ಕೆಂದೇ ಆಜ್ಞೆಯಿದೆ.

ಜಾಲತಾಣಕ್ಕೆ ಜಾಗ ಕೊಡುವ ಹಲವು ಸಂಸ್ಥೆಗಳು ಈಗ ಇಷ್ಟನ್ನೂ ಒಂದು ಗುಂಡಿ ಒತ್ತಿದರೆ ಮಾಡಿಕೊಡುತ್ತವೆ. ಆದರೂ ಒಳಗೆ ನಡೆಯುವುದು ಏನೆಂದು ಬಲ್ಲವರಿಗೆ, ಗುಂಡಿ ಕೈಕೊಟ್ಟ ದಿನ ಎಲ್ಲಿ ನೋಡಬೇಕೆಂಬುದು ತಿಳಿಯುತ್ತದೆ.

ಬೇಲಿ ಇಲ್ಲದ ನಕಲು

ನಕಲು ಸಿದ್ಧವಾದ ಕೂಡಲೇ ಕೆಲಸ ಮುಗಿಯಲಿಲ್ಲ. ಅಪಾಯ ಶುರುವಾಗುವುದು ಅಲ್ಲಿಂದ. ಏಕೆಂದರೆ ಅಸಲು ತಾಣ ಮಾಡುವ ಕೆಲಸಗಳನ್ನೆಲ್ಲ ನಕಲೂ ಮಾಡಬಲ್ಲದು. ಸದಸ್ಯರಿಗೆ ಇ-ಮೇಲ್ ಕಳಿಸುವುದು, ಹಣ ಪಡೆಯುವುದು, ರಾತ್ರಿ ನಿಗದಿತ ವೇಳೆಗೆ ಲೆಕ್ಕ ಹಾಕುವುದು, ಇವೆಲ್ಲ ಅದಕ್ಕೂ ಗೊತ್ತು. ತಾನು ನಕಲೆಂಬುದು ಮಾತ್ರ ಅದಕ್ಕೆ ಗೊತ್ತಿಲ್ಲ.

2021ರ ಜೂನ್ ತಿಂಗಳಲ್ಲಿ ಅಮೆರಿಕದ ಎಚ್‌ಬಿಒ ಮ್ಯಾಕ್ಸ್ ಸಂಸ್ಥೆಯ ಚಂದಾದಾರರಲ್ಲಿ ಅನೇಕರಿಗೆ ತಲೆಬುಡವಿಲ್ಲದ ಇ-ಮೇಲ್ ಒಂದು ಬಂತು. ಅದರ ಶೀರ್ಷಿಕೆ ‘ಇಂಟಿಗ್ರೇಷನ್ ಟೆಸ್ಟ್ ಇಮೇಲ್ 1’ ಎಂದಿತ್ತು. ಒಳಗೇ ಉಳಿಯಬೇಕಾಗಿದ್ದ ಪರೀಕ್ಷೆಯ ಪತ್ರ ಊರಿಗೆಲ್ಲ ಹಂಚಿಹೋಗಿತ್ತು. ಜನ ನಕ್ಕು ಸುಮ್ಮನಾದರು. ಆದರೆ ಆ ಪತ್ರದಲ್ಲಿ ‘ನಿಮ್ಮ ಖಾತೆ ರದ್ದಾಗಿದೆ’ ಎಂದೋ ‘ಬಾಕಿ ಹಣ ಕಟ್ಟಿ’ ಎಂದೋ ಇದ್ದಿದ್ದರೆ ನಗುವ ಮಾತಾಗುತ್ತಿರಲಿಲ್ಲ.

ಹೀಗಾಗಿ ತಾಲೀಮು ತಾಣಕ್ಕೆ ಸುತ್ತ ಬೇಲಿ ಬೇಕು. ಇ-ಮೇಲ್ ಹೊರಹೋಗುವ ದಾರಿಯನ್ನು ಮುಚ್ಚಬೇಕು, ಇಲ್ಲವೇ ಎಲ್ಲ ಪತ್ರಗಳೂ ಪರೀಕ್ಷಿಸುವವರ ಒಂದೇ ಪೆಟ್ಟಿಗೆಗೆ ಬೀಳುವಂತೆ ಮಾಡಬೇಕು. ಹಣ ಪಾವತಿಯನ್ನು ಪರೀಕ್ಷಾ ಸ್ಥಿತಿಗೆ ತಿರುಗಿಸಬೇಕು. ಪಾವತಿ ಸೇವೆ ನೀಡುವ ಸಂಸ್ಥೆಗಳು ಇದಕ್ಕಾಗಿಯೇ ಹುಸಿ ಕಾರ್ಡು ಸಂಖ್ಯೆಗಳನ್ನು ಕೊಟ್ಟಿರುತ್ತವೆ. ಅವುಗಳಿಂದ ಎಷ್ಟು ಸಲ ‘ಹಣ ಕಟ್ಟಿದರೂ’ ಯಾರ ಕಿಸೆಯೂ ಖಾಲಿಯಾಗುವುದಿಲ್ಲ. ತಾನಾಗಿ ನಡೆಯುವ ನಿಗದಿತ ಕೆಲಸಗಳನ್ನೂ ನಿಲ್ಲಿಸಬೇಕು.

ಇನ್ನೊಂದು ಬೇಲಿ ಹೊರಗಿನಿಂದ ಬರುವವರಿಗೆ. ಗೂಗಲ್‌ನಂಥ ಶೋಧಯಂತ್ರಗಳು ತಾಲೀಮು ತಾಣವನ್ನು ಕಂಡುಹಿಡಿದು ಪಟ್ಟಿಗೆ ಸೇರಿಸಿದರೆ, ಅರ್ಧ ತಿದ್ದಿದ ಪುಟಗಳನ್ನು ಜನ ನಿಜವೆಂದು ಓದುತ್ತಾರೆ. ‘ಇಲ್ಲಿಗೆ ಬರಬೇಡಿ’ ಎಂದು ಶೋಧಯಂತ್ರಗಳಿಗೆ ಹೇಳುವ ‘ರೋಬೋಟ್ಸ್’ ಎಂಬ ಕಡತವೊಂದು 1994ರಿಂದ ರೂಢಿಯಲ್ಲಿದೆ. ಆದರೆ ಅದು ‘ಅಪ್ಪಣೆಯಿಲ್ಲದೆ ಒಳಗೆ ಬರಕೂಡದು’ ಎಂದು ಬಾಗಿಲಿಗೆ ತೂಗುಹಾಕಿದ ಬೋರ್ಡು ಮಾತ್ರ. ಮರ್ಯಾದಸ್ಥರು ಓದಿ ಹಿಂದಿರುಗುತ್ತಾರೆ, ಉಳಿದವರು ತಳ್ಳಿಕೊಂಡು ಬರುತ್ತಾರೆ. ಇಡೀ ತಾಣಕ್ಕೆ ಪಾಸ್‌ವರ್ಡ್ ಹಾಕುವುದೇ ನಿಜವಾದ ಬೀಗ.

ಬೀಗ ಬೇಕೆನ್ನಲು ಇನ್ನೂ ದೊಡ್ಡ ಕಾರಣವಿದೆ. ಡೇಟಾಬೇಸನ್ನು ನಕಲು ಮಾಡಿದಾಗ ಅದರೊಳಗಿನ ಜನರ ಹೆಸರು, ಫೋನ್ ಸಂಖ್ಯೆ, ವಿಳಾಸಗಳೂ ನಕಲಾಗುತ್ತವೆ. ಅಸಲು ತಾಣಕ್ಕೆ ಕಾವಲು ಹಾಕುವವರು ‘ಇದು ಪರೀಕ್ಷೆಗೆ ತಾನೆ’ ಎಂದು ನಕಲಿನ ಬಗ್ಗೆ ಉದಾಸೀನರಾಗುವುದುಂಟು. ಕದಿಯುವವರಿಗೆ ಎರಡೂ ಒಂದೇ. 2023ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣೆ ಕಾಯಿದೆಯು ಮಾಹಿತಿಯನ್ನು ಇಟ್ಟುಕೊಂಡವರ ಮೇಲೆ ಅದನ್ನು ಕಾಯುವ ಹೊಣೆ ಹೊರಿಸಿದೆ. ಆದ್ದರಿಂದ ನಕಲಿನಲ್ಲಿ ನಿಜವಾದ ಹೆಸರುಗಳ ಜಾಗಕ್ಕೆ ಹುಸಿ ಹೆಸರುಗಳನ್ನು, ನಿಜವಾದ ಫೋನ್ ಸಂಖ್ಯೆಗಳ ಜಾಗಕ್ಕೆ ಬರೀ ಸೊನ್ನೆಗಳನ್ನು ತುಂಬಿದ ಮೇಲೆಯೇ ಪರೀಕ್ಷೆಗೆ ಕೊಡುವುದು ಲೇಸು.

ಹೋಲಿಕೆ ಸಾಲದಿದ್ದರೆ

ನಕಲು ಅಸಲಿನಿಂದ ದೂರವಿರಬೇಕು, ನಿಜ. ಆದರೆ ಗುಣದಲ್ಲಿ ಅಸಲಿನಂತೆಯೇ ಇರಬೇಕು. ಚಿಕ್ಕ ಕೋಣೆಯಲ್ಲಿ ತಾಲೀಮು ಮಾಡಿದವರು ದೊಡ್ಡ ರಂಗದ ಮೇಲೆ ಹೋದಾಗ ಕೊನೆಯ ಸಾಲಿಗೆ ಮಾತೇ ಕೇಳಿಸದಂತಾಗುವುದಿಲ್ಲವೆ?

ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕಿನಲ್ಲಿ 2018ರ ಏಪ್ರಿಲ್‌ನಲ್ಲಿ ಆದದ್ದು ಹೀಗೆಯೇ. ವಾರಾಂತ್ಯವೊಂದರಲ್ಲಿ ಬ್ಯಾಂಕು ಸುಮಾರು 52 ಲಕ್ಷ ಗ್ರಾಹಕರ ಲೆಕ್ಕಪತ್ರಗಳನ್ನು ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ಸಾಗಿಸಿತು. ಮಾಹಿತಿಯೇನೋ ಬಂದು ಸೇರಿತು. ಆದರೆ ಬಾಗಿಲು ತೆರೆದ ಕೂಡಲೇ ಹೊಸ ವ್ಯವಸ್ಥೆ ತಡವರಿಸಿತು. ಲಕ್ಷಾಂತರ ಜನ ತಮ್ಮ ಖಾತೆಯನ್ನೇ ತೆರೆಯಲಾಗದೆ ಪರದಾಡಿದರು. ಕೆಲವರಿಗೆ ಪರರ ಖಾತೆಯ ವಿವರ ಕಾಣಿಸಿತು. ಎಲ್ಲವೂ ಸರಿದಾರಿಗೆ ಬರಲು ಡಿಸೆಂಬರ್ ಹಿಡಿಯಿತು. ಆಮೇಲೆ ನಡೆದ ವಿಚಾರಣೆಯಲ್ಲಿ ಹೊರಬಿದ್ದ ಸಂಗತಿಗಳಲ್ಲಿ ಒಂದು ಇದು: ಹೊಸ ವ್ಯವಸ್ಥೆ ನಡೆಯಬೇಕಾಗಿದ್ದುದು ಎರಡು ದತ್ತಾಂಶ ಕೇಂದ್ರಗಳಲ್ಲಿ ಏಕಕಾಲಕ್ಕೆ, ಭಾರ ಹೇರಿ ಪರೀಕ್ಷಿಸಿದ್ದು ಒಂದನ್ನು ಮಾತ್ರ. 2022ರ ಡಿಸೆಂಬರ್‌ನಲ್ಲಿ ನಿಯಂತ್ರಣ ಸಂಸ್ಥೆಗಳು ಬ್ಯಾಂಕಿಗೆ 4 ಕೋಟಿ 86 ಲಕ್ಷ ಪೌಂಡ್‌ಗೂ ಹೆಚ್ಚು ದಂಡ ಹಾಕಿದವು.

ಚಿಕ್ಕ ತಾಣಗಳಿಗೂ ಈ ಪಾಠ ಸಲ್ಲುತ್ತದೆ. ಮನೆಯ ಕಂಪ್ಯೂಟರಿನಲ್ಲಿ ನಕಲು ನಿಲ್ಲಿಸಿ ಪರೀಕ್ಷಿಸುವುದು ಕಲಿಯಲು ಒಳ್ಳೆಯದು. ಆದರೆ ಮನೆಯ ಕಂಪ್ಯೂಟರಿನಲ್ಲಿ ‘ಪಿಎಚ್‌ಪಿ’ ಭಾಷೆಯ ಒಂದು ಆವೃತ್ತಿ, ಅಸಲು ಸರ್ವರಿನಲ್ಲಿ ಇನ್ನೊಂದು ಆವೃತ್ತಿ ಇದ್ದರೆ, ಇಲ್ಲಿ ಸರಾಗವಾಗಿ ನಡೆದದ್ದು ಅಲ್ಲಿ ಮುಗ್ಗರಿಸುತ್ತದೆ. ಆವೃತ್ತಿಗಳು ಒಂದೇ ಆಗಿರಬೇಕು, ಸಾಧ್ಯವಾದರೆ ಸರ್ವರೂ ಅದೇ ಬಗೆಯದಾಗಿರಬೇಕು.

ಇಷ್ಟು ಹೋಲಿಕೆ ಇದ್ದಾಗ ಹುಟ್ಟುವ ಇನ್ನೊಂದು ಅಪಾಯವೇ ಗಿಟ್‌ಲ್ಯಾಬ್‌ನಲ್ಲಿ ಎದುರಾದದ್ದು. ಒಂದರಂತೆ ಒಂದಿರುವ ಎರಡು ಪರದೆಗಳಲ್ಲಿ ಯಾವುದು ಯಾವುದೆಂದು ತಿಳಿಯುವುದು ಹೇಗೆ? ಅನುಭವಿಗಳು ತಾಲೀಮು ತಾಣದ ನೆತ್ತಿಗೆ ಕಡುಬಣ್ಣದ ಪಟ್ಟಿಯೊಂದನ್ನು ಹಾಕಿ ‘ಇದು ನಕಲು’ ಎಂದು ಬರೆದಿರುತ್ತಾರೆ. ಗಿಟ್‌ಲ್ಯಾಬ್ ಕೂಡ ಆ ಘಟನೆಯ ನಂತರ, ಆಜ್ಞೆ ಬರೆಯುವ ಜಾಗದಲ್ಲೇ ಯಾವ ಕಂಪ್ಯೂಟರೆಂಬುದು ಎದ್ದು ಕಾಣುವಂತೆ ಮಾಡುವ ಕೆಲಸವನ್ನು ತನ್ನ ಪಟ್ಟಿಗೆ ಸೇರಿಸಿತು. ಒಳಗಿನಿಂದ ಅವಳಿಜವಳಿ, ಹೊರನೋಟಕ್ಕೆ ಬೇರೆಬೇರೆ. ಒಳ್ಳೆಯ ನಕಲಿನ ಲಕ್ಷಣ ಇದು.

ತಾಲೀಮಿನಿಂದ ರಂಗಕ್ಕೆ

ಪರೀಕ್ಷೆ ಮುಗಿದು ಎಲ್ಲವೂ ಸರಿಯಿದೆಯೆಂದು ಖಾತರಿಯಾದ ಮೇಲೆ ಬದಲಾವಣೆಯನ್ನು ಅಸಲು ತಾಣಕ್ಕೆ ಒಯ್ಯಬೇಕು. ಇಲ್ಲಿ ಹೊಸಬರು ಎಡವುವುದು ಹೆಚ್ಚು. ‘ನಕಲೇ ಚೆನ್ನಾಗಿದೆಯಲ್ಲ, ಅದನ್ನು ಇಡಿಯಾಗಿ ಎತ್ತಿ ಅಸಲಿನ ಜಾಗಕ್ಕೆ ಇಟ್ಟುಬಿಡೋಣ’ ಎನ್ನಿಸುತ್ತದೆ. ನಕಲು ತೆಗೆದದ್ದು ಸೋಮವಾರ, ಮರಳಿ ಇಡುವುದು ಶುಕ್ರವಾರ ಎಂದಾದರೆ, ನಡುವಣ ನಾಲ್ಕು ದಿನಗಳಲ್ಲಿ ಅಸಲು ತಾಣಕ್ಕೆ ಬಂದ ಅರ್ಜಿಗಳು, ಕಟ್ಟಿದ ಹಣದ ಲೆಕ್ಕ ಎಲ್ಲವೂ ಸೋಮವಾರದ ಡೇಟಾಬೇಸಿನ ಕೆಳಗೆ ಹೂತುಹೋಗುತ್ತವೆ. ಪ್ರೋಗ್ರಾಮುಗಳು ನಕಲಿನಿಂದ ಅಸಲಿಗೆ ಹೋಗಬೇಕು; ಮಾಹಿತಿ ಅಸಲಿನಿಂದ ನಕಲಿಗೆ ಬರಬೇಕು. ಈ ಎರಡು ದಾರಿಗಳನ್ನು ಅದಲುಬದಲು ಮಾಡಬಾರದು. ನಕಲಿಗೆ ಹಾಕಿದ್ದ ‘ಶೋಧಯಂತ್ರಗಳು ಬರಕೂಡದು’ ಎಂಬ ಗುರುತು ಡೇಟಾಬೇಸಿನ ಜೊತೆ ಅಸಲಿಗೂ ಬಂದು, ತಾಣವೇ ಗೂಗಲ್‌ನಿಂದ ಕಣ್ಮರೆಯಾಗುವ ಪ್ರಸಂಗಗಳೂ ಉಂಟು.

ಒಯ್ಯುವ ಕೆಲಸದಲ್ಲೂ ಪೂರ್ತಿ ಎಚ್ಚರ ಬೇಕು. ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯಾಪಾರದ ಸಂಸ್ಥೆ 2012ರಲ್ಲಿ ಹೊಸ ಪ್ರೋಗ್ರಾಮೊಂದನ್ನು ತನ್ನ 8 ಸರ್ವರುಗಳಿಗೆ ಹಾಕಬೇಕಾಗಿತ್ತು. ಏಳಕ್ಕೆ ಹಾಕಲಾಯಿತು, ಒಂದು ಬಿಟ್ಟುಹೋಯಿತು. ಆಗಸ್ಟ್ 1ರಂದು ಪೇಟೆ ತೆರೆದಾಗ ಆ ಎಂಟನೆಯ ಸರ್ವರಿನಲ್ಲಿ ಎಂದೋ ಬಳಕೆ ತಪ್ಪಿದ್ದ ಹಳೆಯ ಪ್ರೋಗ್ರಾಮು ಎದ್ದು ಕುಳಿತು ಸಿಕ್ಕಸಿಕ್ಕಂತೆ ಷೇರು ಕೊಂಡು ಮಾರತೊಡಗಿತು. ಸುಮಾರು 45 ನಿಮಿಷಗಳಲ್ಲಿ ಆದ ವ್ಯವಹಾರದಿಂದ ಸಂಸ್ಥೆ 46 ಕೋಟಿ ಡಾಲರಿಗೂ ಹೆಚ್ಚು ಕಳೆದುಕೊಂಡಿತು. ಎಂಟು ಜನರಲ್ಲಿ ಒಬ್ಬನು ಹಳೆಯ ನಾಟಕದ ಮಾತನ್ನೇ ಆಡಿದಂತಾಯಿತು.

ಎಷ್ಟೇ ತಾಲೀಮು ಮಾಡಿದರೂ ಒಂದೇ ಸಲಕ್ಕೆ ಎಲ್ಲರಿಗೂ ಬಡಿಸಬಾರದೆಂಬುದು 2024ರ ಜುಲೈ 19ರಂದು ಜಗತ್ತಿಗೇ ಗೊತ್ತಾಯಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳಿಸಿದ ದೋಷಪೂರಿತ ಕಡತದಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತವು. ಕಡತವನ್ನು ಪರೀಕ್ಷಿಸುವ ಪ್ರೋಗ್ರಾಮಿನಲ್ಲೇ ದೋಷವಿದ್ದುದರಿಂದ ತಪ್ಪು ತಪ್ಪಿಸಿಕೊಂಡು ಹೋಗಿತ್ತು. ಅಂದು ಭಾರತದ ವಿಮಾನ ನಿಲ್ದಾಣಗಳಲ್ಲೂ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಡಬೇಕಾಯಿತು. ಮೊದಲು ಕೆಲವು ಕಂಪ್ಯೂಟರುಗಳಿಗೆ ಕಳಿಸಿ, ಸರಿಯೆಂದು ಕಂಡ ಮೇಲೆ ಉಳಿದವಕ್ಕೆ ಕಳಿಸಿದ್ದರೆ ಹಾನಿ ಆ ಕೆಲವಕ್ಕೇ ನಿಲ್ಲುತ್ತಿತ್ತು. ಆಮೇಲೆ ಸಂಸ್ಥೆ ಆ ಕ್ರಮವನ್ನೇ ಹಿಡಿಯಿತು.

ಚಿಕ್ಕ ತಾಣಗಳ ಮಾತು

ಬ್ಯಾಂಕು, ಷೇರುಪೇಟೆಗಳ ಈ ಕಥೆ ನಮಗೇಕೆ ಎನ್ನಬಾರದು. ಇಂದು ಶಾಲೆ, ಸಹಕಾರ ಸಂಘ, ದೇವಸ್ಥಾನ, ಪುಸ್ತಕದಂಗಡಿ ಎಲ್ಲಕ್ಕೂ ಜಾಲತಾಣಗಳಿವೆ. ಬಹುಪಾಲು ಕಡೆ ಅವನ್ನು ನೋಡಿಕೊಳ್ಳುವವರು ಒಬ್ಬರೇ. ಬಿಡುವಾದಾಗ ಮಾಡುವ ಕೆಲಸ ಅದು. ದೊಡ್ಡ ಸಂಸ್ಥೆ ಬಿದ್ದರೆ ಎತ್ತಲು ನೂರು ಜನ ಓಡಿಬರುತ್ತಾರೆ. ಚಿಕ್ಕ ತಾಣ ಬಿದ್ದರೆ ಆ ಒಬ್ಬರೇ ರಾತ್ರಿಯೆಲ್ಲ ಕೂರಬೇಕು.

ಅಂಥವರು ಒಂದು ಅಭ್ಯಾಸವನ್ನು ಇಟ್ಟುಕೊಂಡರೆ ಎರಡು ಲಾಭಗಳಿವೆ. ತಾಲೀಮು ತಾಣವನ್ನು ಕಟ್ಟುವಾಗ ಅಸಲಿನಿಂದ ನೇರವಾಗಿ ನಕಲಿಸದೆ, ಕಾಪಿಟ್ಟ ಪ್ರತಿಯಿಂದಲೇ ಕಟ್ಟಬೇಕು. ತಿಂಗಳಿಗೊಮ್ಮೆ ಹೀಗೆ ಮಾಡಿದರೆ ಪರೀಕ್ಷೆಗೆ ತಾಜಾ ನಕಲು ಸಿಕ್ಕಂತೆಯೂ ಆಯಿತು, ಕಾಪಿಟ್ಟ ಪ್ರತಿ ನಿಜವಾಗಿ ಕೆಲಸಕ್ಕೆ ಬರುತ್ತದೆಂದು ಗೊತ್ತಾದಂತೆಯೂ ಆಯಿತು. ತೆರೆದು ನೋಡದ ಪ್ರತಿಯನ್ನು ನಂಬಿ ಕೂರುವುದು ಬೀಜದ ಚೀಲವನ್ನು ಬಿಚ್ಚಿ ನೋಡದೆ ಮುಂಗಾರಿಗೆ ಕಾಯ್ದಂತೆ. ಹುಳ ಹಿಡಿದಿದೆಯೆಂದು ತಿಳಿಯುವುದು ಬಿತ್ತುವ ದಿನ.

ತಾಲೀಮು ತಾಣಕ್ಕೆ ತಗಲುವ ಖರ್ಚು ಸ್ವಲ್ಪ ಜಾಗ, ಅರ್ಧ ದಿನದ ಶ್ರಮ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಹಳೆಯದು. ದಿಡ್ಡಿಯ ಅಗುಳಿ ಸರಿಯಾಗಿ ಬೀಳುತ್ತದೆಯೇ ಎಂದು ಶಾಂತಿಯ ಕಾಲದಲ್ಲೇ ನೋಡಿಕೊಂಡರೆ ಆ ಗಾದೆಗೆ ಕೆಲಸವಿರುವುದಿಲ್ಲ.